ಆ ಗುಳಿಗಿ ಎಲ್ಲಿ ಸಿಗತೈತ್ರೀ?



ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ದಿಲ್ಲಿಗೆ ಹಾರಿದರು, ಯಾರ ಕುರ್ಚಿ ಅಲ್ಲಾಡ್ತಿದೆ, ಅದೆಲ್ಲ ನಾಳೆಯೂ ಇರುತ್ತೆ. ಎಲ್ಲಿಗೂ ಹೋಗಲ್ಲ. ಇವತ್ತು ಒಂದು ಫೋನ್ ಕರೆಯ ಬಗ್ಗೆ ಮಾತಾಡ್ತೀನಿ. ನನ್ನದೇ ತಪ್ಪೊಂದು ಅದರಲ್ಲಿದೆ, ಅದನ್ನೂ ಹೇಳ್ತೀನಿ.

ಒಂದು ತಿಂಗಳ ಹಿಂದಿನ ಮಾತು. ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ, ಮೈಕ್ ಬಿಚ್ಚಿಟ್ಟು ಹೊರಗೆ ಬಂದೆ. ರಿಸೆಪ್ಷನ್ ಹುಡುಗ ಕಾಯ್ತಾ ನಿಂತಿದ್ದ. 'ಸರ್, ಹಾವೇರಿ ಕಡೆಯ ಒಬ್ರು ಅಮ್ಮ ಬೆಳಗ್ಗೆಯಿಂದ ಏಳು ಸಲ ಫೋನ್ ಮಾಡಿದ್ದಾರೆ. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ' ಅಂದ. ಫೋನ್ ತಗೊಂಡೆ.

'ಸರ್ರ, ನಿನ್ನೆ ರಾತ್ರಿ ಟಿವ್ಯಾಗ ನೀವ ಹೇಳಿದ್ರಲ್ರೀ, ಕಿಡ್ನಿ ಕ್ಯಾನ್ಸರಿಗೆ ಹೊಸಾ ಔಷಧಿ ಬಂದೈತಿ ಅಂತ. ಆ ಗುಳಿಗಿ ಎಲ್ಲಿ ಸಿಗತೈತ್ರೀ? ಎಷ್ಟ ರೊಕ್ಕ ಆಗತೈತ್ರೀ?'

ನಾನು ಹೇಳಿದ್ದೆನಾ? ನನಗೆ ನೆನಪೇ ಆಗಲಿಲ್ಲ, ಸ್ವಾಮಿ. ಬುಲೆಟಿನ್ ಅಂದ್ರೆ ನಲವತ್ತು ಐವತ್ತು ಸುದ್ದಿ. 'ವಿಚಾರಿಸಿ ಹೇಳ್ತೀನಿ ಅಮ್ಮ' ಅಂದು ನಂಬರ್ ಬರ್ಕೊಂಡು ಫೋನ್ ಇಟ್ಟೆ. ಆಮೇಲೆ ಡೆಸ್ಕ್‌ಗೆ ಹೋಗಿ ಹಿಂದಿನ ರಾತ್ರಿಯ ಟೇಪ್ ಹಾಕಿಸಿದೆ. ಇತ್ತು. ಜಾಹೀರಾತಿಗೆ ಹೋಗುವ ಮುಂಚೆ ನಲವತ್ತು ಸೆಕೆಂಡಿನ ಸುದ್ದಿ. ಕೆಳಗೆ ಕೆಂಪು ಪಟ್ಟಿ: 'ಕಿಡ್ನಿ ಕ್ಯಾನ್ಸರ್‌ಗೆ ಸಿಕ್ಕಿತು ರಾಮಬಾಣ!' ಅದರ ಮುಂದೆ ಒಂದಲ್ಲ, ಮೂರು ಆಶ್ಚರ್ಯಸೂಚಕ ಚಿಹ್ನೆ. ಓದಿದ ಮುಖ ನನ್ನದೇ, ದನಿ ನನ್ನದೇ. ಮೂಲ ಸುದ್ದಿ ತೆಗೆಸಿ ನೋಡಿದರೆ ಅದು ವಿದೇಶದ ಯಾವುದೋ ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ನಡೆದ ಪರೀಕ್ಷೆ. ಮನುಷ್ಯರಿಗೆ ಇನ್ನೂ ಒಂದು ಡೋಸ್ ಕೂಡ ಕೊಟ್ಟಿಲ್ಲ.

ಅವತ್ತಿನಿಂದ ಒಂದು ವಾರ ನಾನು ಬೇರೆ ಏನೂ ಓದಲಿಲ್ಲ. ಓದ್ತಾ ಹೋದಂತೆ ಗೊತ್ತಾಗಿದ್ದು ಏನಂದ್ರೆ, ಕಿಡ್ನಿ ಕ್ಯಾನ್ಸರ್‌ಗೆ ಗುರಿಯಿಟ್ಟು ಹೊಡೆಯುವ ಔಷಧ ನಿಜಕ್ಕೂ ಇದೆ. ಒಂದಲ್ಲ, ಹತ್ತಾರು ಇವೆ. ಡಾಕ್ಟರುಗಳು ಅದನ್ನ ಟಾರ್ಗೆಟೆಡ್ ಥೆರಪಿ ಅಂತಾರೆ. ಆದರೆ ಆ ಬಾಣ ತಯಾರಾಗೋಕೆ ಮುಂಚೆ ಗುರಿ ಯಾವುದು ಅಂತ ಹುಡುಕೋಕೇ ಎಷ್ಟು ವರ್ಷ ಹಿಡೀತು ಗೊತ್ತಾ? ಹೇಳ್ತೀನಿ ಕೇಳಿ.

ಮೊದಲು ಕಿಡ್ನಿ. ಬೆನ್ನಿನ ಹಿಂಬದಿ, ಪಕ್ಕೆಲುಬಿನ ಕೆಳಗೆ, ಮುಷ್ಟಿಯಷ್ಟು ಗಾತ್ರದ ಎರಡು ಅಂಗ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತೆ, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಇಂಥ ಕಡೆ ಕ್ಯಾನ್ಸರ್ ಗಡ್ಡೆ ಹುಟ್ಟಿದರೆ ತುಂಬ ದಿನ ಸದ್ದೇ ಮಾಡಲ್ಲ. ಇನ್ಯಾವುದಕ್ಕೋ ಸ್ಕ್ಯಾನಿಂಗ್‌ಗೆ ಹೋದವರಿಗೆ ಅಕಸ್ಮಾತ್ತಾಗಿ ಗೊತ್ತಾಗೋದು ಎಷ್ಟೋ ಸಲ. ಗಡ್ಡೆ ಕಿಡ್ನಿಯೊಳಗೇ ಇದ್ದರೆ ಆಪರೇಷನ್ ಮಾಡಿ ತೆಗೀತಾರೆ, ಬಹಳಷ್ಟು ಜನ ಗುಣ ಆಗ್ತಾರೆ. ಮಾತಿನ ಮಧ್ಯೆ ಹೇಳಿಬಿಡ್ತೀನಿ: ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲ ಅಂತ ಸುಮ್ಮನೆ ಕೂರಬೇಡಿ. ಬೀಡಿ ಸಿಗರೇಟು, ಬೊಜ್ಜು, ಬಿ.ಪಿ., ಈ ಮೂರೂ ಈ ಕಾಯಿಲೆಗೆ ದಾರಿ ಮಾಡಿಕೊಡುತ್ತವೆ.

ಕಷ್ಟ ಇರೋದು ಕಿಡ್ನಿಯಿಂದಾಚೆ ಹರಡಿದ ಮೇಲೆ. ಶ್ವಾಸಕೋಶಕ್ಕೆ, ಮೂಳೆಗೆ ಹೋದ ಮೇಲೆ. ಬೇರೆ ಕ್ಯಾನ್ಸರ್‌ಗಳಿಗೆ ಕೊಡುವ ಕೀಮೋಥೆರಪಿಗೆ ಈ ಕ್ಯಾನ್ಸರ್ ಹೆಚ್ಚುಕಡಿಮೆ ಜಗ್ಗೋದೇ ಇಲ್ಲ. 2005ಕ್ಕೆ ಮುಂಚೆ ಇದ್ದದ್ದು ಇಂಟರ್‌ಫೆರಾನ್ ಮತ್ತು ಇಂಟರ್‌ಲ್ಯೂಕಿನ್-2 ಅನ್ನೋ ಇಂಜೆಕ್ಷನ್‌ಗಳು. ಎರಡನೆಯದನ್ನು ಐ.ಸಿ.ಯು.ನಂಥ ಕಡೆ ಮಲಗಿಸಿ ಕೊಡಬೇಕು, ಬಿ.ಪಿ. ಪಾತಾಳಕ್ಕೆ ಇಳಿಯುತ್ತೆ. ಕೆಲವೇ ಕೆಲವರಿಗೆ ಅದು ವರ್ಷಗಟ್ಟಲೆ ಜೀವ ಕೊಟ್ಟಿತು. ಉಳಿದವರಿಗೆ ಬರೀ ಯಾತನೆ.

ಈಗ ಗುರಿಯ ಕಥೆಗೆ ಬರ್ತೀನಿ. ಅದು ಶುರುವಾಗೋದು ಕಿಡ್ನಿಯಿಂದಲ್ಲ, ಕಣ್ಣಿನಿಂದ. ನೂರು ವರ್ಷಕ್ಕೂ ಹಿಂದೆ ಜರ್ಮನಿಯಲ್ಲಿ ಓಯ್ಗನ್ ಫಾನ್ ಹಿಪೆಲ್ ಅಂತ ಒಬ್ಬ ಕಣ್ಣಿನ ಡಾಕ್ಟರ್. ಕೆಲವು ರೋಗಿಗಳ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳ ಸಿಕ್ಕಿನಂಥ ಗಡ್ಡೆಗಳನ್ನ ನೋಡಿ ಬರೆದಿಟ್ಟ. 1926ರಲ್ಲಿ ಸ್ವೀಡನ್ನಿನ ಅರ್ವಿಡ್ ಲಿಂಡೌ, ಆ ಕಣ್ಣಿನ ಗಡ್ಡೆಗೂ ಮೆದುಳಿನ ಹಿಂಭಾಗದ ಗಡ್ಡೆಗೂ ನಂಟಿದೆ ಅಂತ ತೋರಿಸಿದ. ಇದು ಮನೆತನದಲ್ಲಿ ಇಳಿದು ಬರುವ ಕಾಯಿಲೆ. ಸುಮಾರು 36 ಸಾವಿರಕ್ಕೆ ಒಬ್ಬರಿಗೆ. ಇಬ್ಬರ ಹೆಸರೂ ಸೇರಿಸಿ ಫಾನ್ ಹಿಪೆಲ್-ಲಿಂಡೌ, ಚಿಕ್ಕದಾಗಿ ವಿ.ಎಚ್.ಎಲ್. ಅಂತಾರೆ. ಈ ಮನೆತನಗಳಲ್ಲಿ ಬಹಳ ಜನಕ್ಕೆ ಎರಡೂ ಕಿಡ್ನಿಯಲ್ಲಿ ಕ್ಯಾನ್ಸರ್ ಬರುತ್ತಿತ್ತು. ಒಂದೊಂದು ಕಿಡ್ನಿಯಲ್ಲಿ ನೂರಾರು ಸಣ್ಣ ಸಣ್ಣ ಗಂಟು.

1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಾರ್ಸ್ಟನ್ ಲಿನೆಹಾನ್ ಅನ್ನೋ ಸರ್ಜನ್, ಬರ್ಟನ್ ಝ್ಬಾರ್ ಅನ್ನೋ ವಿಜ್ಞಾನಿ ಮತ್ತವರ ತಂಡ ಒಂದು ಹಟ ಹಿಡಿದರು. ಕಿಡ್ನಿ ಕ್ಯಾನ್ಸರ್‌ಗೆ ಕಾರಣವಾದ ಜೀನ್ ಯಾವುದು ಅಂತ ತಿಳೀಬೇಕಾದ್ರೆ ಈ ಮನೆತನಗಳ ಬಳಿಗೇ ಹೋಗಬೇಕು ಅಂತ. ಅಜ್ಜಿ, ಮಗ, ಮೊಮ್ಮಗಳು, ಕಾಯಿಲೆ ಇದ್ದವರು, ಇಲ್ಲದವರು, ಎಲ್ಲರ ರಕ್ತ ತಗೊಂಡರು. ವರ್ಷಗಟ್ಟಲೆ ಹೋಲಿಸಿದರು. 1993ರಲ್ಲಿ ಸಿಕ್ಕಿತು, ಮೂರನೇ ಕ್ರೋಮೋಸೋಮಿನ ತುದಿಯ ಕಡೆ. ಮರುವರ್ಷ ಇನ್ನೂ ದೊಡ್ಡ ವಿಷಯ ಗೊತ್ತಾಯ್ತು. ಮನೆತನದಲ್ಲಿ ಯಾರಿಗೂ ಇಲ್ಲದೆ, ನಿಮ್ಮ ನಮ್ಮಂಥವರಿಗೆ ಬರುವ ಸಾಮಾನ್ಯ ಕಿಡ್ನಿ ಕ್ಯಾನ್ಸರ್ ಇದೆಯಲ್ಲ, ಕ್ಲಿಯರ್ ಸೆಲ್ ಅಂತಾರೆ, ನಾಲ್ಕರಲ್ಲಿ ಮೂರು ಪಾಲು ಅದೇ, ಅದರಲ್ಲೂ ಬಹುಪಾಲು ಇದೇ ಜೀನ್ ಕೆಟ್ಟಿರುತ್ತೆ.

ಒಂದು ವಿಷಯ ಗಮನಿಸಿ. ಆ ಮನೆತನದವರಿಗೆ ರಕ್ತ ಕೊಟ್ಟಿದ್ದರಿಂದ ಅವತ್ತು ಸಿಕ್ಕಿದ್ದೇನು? ಏನೂ ಇಲ್ಲ. ಔಷಧ ಇರಲಿಲ್ಲ. ದೊಡ್ಡ ಗಂಟು ಮೂರು ಸೆಂಟಿಮೀಟರ್ ಆಗುವವರೆಗೆ ಕಾಯೋದು, ಆಮೇಲೆ ಕಿಡ್ನಿ ಉಳಿಸಿಕೊಂಡು ಗಂಟನ್ನಷ್ಟೇ ಕೆತ್ತಿ ತೆಗೆಯೋದು, ಮತ್ತೆ ಬೆಳೆದರೆ ಮತ್ತೆ ಆಪರೇಷನ್. ಇಷ್ಟೇ ಇದ್ದದ್ದು. ಆದರೂ ಕೊಟ್ಟರು. ಇವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನನಗೆ ಈ ಇಡೀ ಕಥೆಯಲ್ಲಿ ನಾಯಕರು ಅಂತ ಕಂಡಿದ್ದು ಇವರೇ.

ಜೀನ್ ಏನೋ ಸಿಕ್ಕಿತು. ಅದು ದೇಹದಲ್ಲಿ ಮಾಡುವ ಕೆಲಸ ಏನು? ಇಲ್ಲಿಂದ ಮೂರು ಬೇರೆ ಬೇರೆ ಊರಿನ ಮೂರು ಜನ ಒಂದೇ ಬಾವಿಗೆ ಹಗ್ಗ ಬಿಟ್ಟರು. ಬಾಲ್ಟಿಮೋರ್‌ನಲ್ಲಿ ಗ್ರೆಗ್ ಸೆಮೆನ್ಜಾ, ಆಕ್ಸ್‌ಫರ್ಡ್‌ನಲ್ಲಿ ಪೀಟರ್ ರಾಟ್‌ಕ್ಲಿಫ್, ಇವರು ಕಿಡ್ನಿ ಡಾಕ್ಟರೇ, ಬಾಸ್ಟನ್‌ನಲ್ಲಿ ವಿಲಿಯಂ ಕೇಲಿನ್. ಕೇಲಿನ್ ವಿದ್ಯಾರ್ಥಿಯಾಗಿದ್ದಾಗ ಒಬ್ಬ ಪ್ರೊಫೆಸರ್, ಹುಡುಗ ಚುರುಕು, ಆದರೆ ಇವನ ಭವಿಷ್ಯ ಪ್ರಯೋಗಾಲಯದ ಹೊರಗಿದೆ ಅಂತ ಬರೆದುಕೊಟ್ಟಿದ್ದರಂತೆ! ನಮ್ಮಲ್ಲೂ ಇಂಥ ಮೇಷ್ಟ್ರುಗಳಿಗೆ ಬರ ಇಲ್ಲ ಬಿಡಿ. ಆ ಹುಡುಗ ಒಂದು ವಿಚಿತ್ರ ಗಮನಿಸಿದ. ವಿ.ಎಚ್.ಎಲ್. ರೋಗಿಗಳ ಗಡ್ಡೆಗಳು ರಕ್ತನಾಳಗಳಿಂದ ಗಿಜಿಗುಡುತ್ತವೆ. ಕೆಲವರ ದೇಹದಲ್ಲಿ ಕೆಂಪು ರಕ್ತಕಣ ಬೇಕಾದ್ದಕ್ಕಿಂತ ಜಾಸ್ತಿ ಆಗುತ್ತೆ. ಬೆಟ್ಟದ ಮೇಲೆ, ಗಾಳಿ ತೆಳುವಾದ ಕಡೆ ವಾಸ ಮಾಡುವವರ ದೇಹ ಇಂಥ ಕೆಲಸ ಮಾಡುತ್ತೆ, ಆಮ್ಲಜನಕ ಸಾಲದು ಅಂತ. ಈ ರೋಗಿಗಳಿಗೆ ಆಮ್ಲಜನಕ ಧಾರಾಳವಾಗಿದೆ. ಮತ್ಯಾಕೆ?

ಬೆಂಗಳೂರಿನವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿಸಿರ್ತೀರಿ. ನೀರು ಕಡಿಮೆಯಾದ್ರೆ ಮೋಟರ್ ಆನ್, ತುಂಬಿದ್ರೆ ಆಫ್. ಜೀವಕೋಶದೊಳಗೂ ಅಂಥದ್ದೇ ವ್ಯವಸ್ಥೆ. ಆಮ್ಲಜನಕ ಕಡಿಮೆಯಾದರೆ ಎಚ್.ಐ.ಎಫ್. ಅನ್ನೋ ಪ್ರೋಟೀನ್ ಎದ್ದು ಕೂರುತ್ತೆ. ರಕ್ತನಾಳ ಬೆಳೆಸಿ, ರಕ್ತಕಣ ಜಾಸ್ತಿ ಮಾಡಿ ಅಂತ ಆರ್ಡರ್ ಹೊರಡಿಸುತ್ತೆ. ಅದು ಮೋಟರ್. ಆಮ್ಲಜನಕ ಸಾಕಷ್ಟಿದ್ದಾಗ ವಿ.ಎಚ್.ಎಲ್. ಜೀನಿನಿಂದ ಬಂದ ಪ್ರೋಟೀನ್ ಆ ಎಚ್.ಐ.ಎಫ್. ಅನ್ನು ಹಿಡಿದು ನಾಶಕ್ಕೆ ಕಳಿಸುತ್ತೆ. ಅದು ಸ್ವಿಚ್. ಸ್ವಿಚ್ ಕೆಟ್ಟರೆ? ಟ್ಯಾಂಕ್ ತುಂಬಿ ತಾರಸಿ ಮೇಲೆ ಹರೀತಿದ್ರೂ ಮೋಟರ್ ನಿಲ್ಲಲ್ಲ. ಸುತ್ತ ಗಾಳಿ ಇದ್ದರೂ ಆ ಕೋಶ ಉಸಿರುಕಟ್ಟಿದಂತೆ ಕಿರುಚ್ತಾನೇ ಇರುತ್ತೆ. ಹೊಸ ಹೊಸ ರಕ್ತನಾಳ ಎಳ್ಕೊಳ್ಳುತ್ತೆ. ಆ ರಕ್ತದಲ್ಲೇ ಗಡ್ಡೆ ಕೊಬ್ಬುತ್ತೆ. ಆಮ್ಲಜನಕವನ್ನು ಕೋಶಗಳು ಹೇಗೆ ಅಳೀತವೆ ಅಂತ ತೋರಿಸಿದ್ದಕ್ಕೆ ಈ ಮೂವರಿಗೂ 2019ರಲ್ಲಿ ನೊಬೆಲ್ ಬಂತು.

ಹಾಗಾದ್ರೆ ಗಡ್ಡೆಯ ರಕ್ತನಾಳಗಳನ್ನೇ ನಿಲ್ಲಿಸಿಬಿಟ್ಟರೆ? ಈ ಯೋಚನೆ ಹಳೆಯದು. 1971ರಲ್ಲೇ ಬಾಸ್ಟನ್‌ನ ಮಕ್ಕಳ ಸರ್ಜನ್ ಜೂಡಾ ಫೋಕ್‌ಮನ್ ಹೇಳಿದ್ದರು. ಹೊಸ ರಕ್ತನಾಳ ಸಿಗದಿದ್ದರೆ ಗಡ್ಡೆ ಬೆಳೆಯೋಕಾಗಲ್ಲ ಅಂತ. ವರ್ಷಗಟ್ಟಲೆ ಜನ ನಕ್ಕರು. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇಲ್ಲಿ ನಮ್ಮ ಕಸುಬಿನವರ ಕಥೆ ಬರುತ್ತೆ.

1998ರ ಮೇ 3, ಭಾನುವಾರ. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಫೋಕ್‌ಮನ್ ಪ್ರಯೋಗಾಲಯದ ಎರಡು ವಸ್ತುಗಳ ಬಗ್ಗೆ ದೊಡ್ಡ ಸುದ್ದಿ. ಇಲಿಗಳಲ್ಲಿ ಗಡ್ಡೆ ಮಾಯವಾಗಿವೆ ಅಂತ. ಅದರಲ್ಲಿ ಡಿ.ಎನ್.ಎ. ಖ್ಯಾತಿಯ ಜೇಮ್ಸ್ ವಾಟ್ಸನ್, ಎರಡು ವರ್ಷದಲ್ಲಿ ಈತ ಕ್ಯಾನ್ಸರ್ ಗುಣಪಡಿಸ್ತಾನೆ ಅಂದ ಹಾಗೆ ಒಂದು ಮಾತು. ನಾನು ಹಾಗೆ ಹೇಳೇ ಇಲ್ಲ ಅಂತ ವಾಟ್ಸನ್ ಆಮೇಲೆ ಹೇಳಿದರು. ಆದರೆ ಸೋಮವಾರ ಬೆಳಗ್ಗೆ ಏನಾಯ್ತು? ಆ ವಸ್ತು ತಯಾರಿಸುತ್ತಿದ್ದ ಎಂಟ್ರೆಮೆಡ್ ಅನ್ನೋ ಸಣ್ಣ ಕಂಪನಿಯ ಷೇರು 12 ಡಾಲರ್‌ನಿಂದ 85ಕ್ಕೆ ಹಾರಿತು. ಸಂಜೆಗೆ 52ರ ಹತ್ತಿರ ಇಳಿಯಿತು. ಆಸ್ಪತ್ರೆಗಳ ಫೋನ್‌ಗಳು ಬಡ್ಕೊಳ್ಳೋಕೆ ಶುರುವಾದವು. ಏನಂತ? ಆ ಔಷಧಿ ಎಲ್ಲಿ ಸಿಗುತ್ತೆ ಅಂತ. ಹಾವೇರಿಯ ಆ ತಾಯಿ ಕೇಳಿದ್ದು ಇದೇ ಪ್ರಶ್ನೆ ಅಲ್ವಾ? ಫೋಕ್‌ಮನ್ ಮಾತ್ರ ಮೊದಲೇ ಎಚ್ಚರಿಸಿದ್ದರು. ನಿಮಗೆ ಕ್ಯಾನ್ಸರ್ ಇದ್ದು, ನೀವು ಇಲಿಯಾಗಿದ್ದರೆ, ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ಳಬಲ್ಲೆವು ಅಂತ. ಆ ಎರಡು ವಸ್ತುಗಳು ಅಮೆರಿಕದಲ್ಲಿ ಔಷಧವಾಗಿ ಅಂಗಡಿಗೆ ಬರಲೇ ಇಲ್ಲ.

ಅವರ ಯೋಚನೆ ಮಾತ್ರ ಸುಳ್ಳಾಗಲಿಲ್ಲ. ಯಾವ ಕ್ಯಾನ್ಸರ್‌ನ ಜೀವನಾಡಿಯೇ ರಕ್ತನಾಳವೋ, ಆ ಕಿಡ್ನಿ ಕ್ಯಾನ್ಸರ್‌ನಲ್ಲಿ ಅದು ಕೈ ಹಿಡಿಯಿತು. 2005ರ ಡಿಸೆಂಬರ್‌ನಲ್ಲಿ ಅಮೆರಿಕ ಸೊರಾಫೆನಿಬ್ ಅನ್ನೋ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. 2006ರ ಜನವರಿಯಲ್ಲಿ ಸುನಿಟಿನಿಬ್. ತಮಾಷೆ ಅಂದ್ರೆ, ಸೊರಾಫೆನಿಬ್ ಅನ್ನು ಮೊದಲು ತಯಾರಿಸಿದ್ದು ರ‍್ಯಾಫ್ ಅನ್ನೋ ಬೇರೆಯದೇ ಗುರಿಗೆ. ರಕ್ತನಾಳ ಬೆಳೆಸುವ ಸಂದೇಶವನ್ನೂ ಅದು ತಡೆಯುತ್ತೆ ಅಂತ ಆಮೇಲೆ ಗೊತ್ತಾಯ್ತು, ಕೆಲಸಕ್ಕೆ ಬಂದದ್ದು ಅದೇ. ನಮ್ಮ ಟ್ಯಾಂಕಿನ ಭಾಷೆಯಲ್ಲಿ ಹೇಳೋದಾದ್ರೆ ಮೋಟರ್ ಓಡ್ತಾನೇ ಇದೆ, ಪೈಪ್ ಕಟ್ಟಿದರು.

ಎಷ್ಟು ಪ್ರಯೋಜನ ಆಯ್ತು? ರಾಮಬಾಣ ಅಂತ ಕೂಗಿದ ಬಾಯಲ್ಲೇ ಲೆಕ್ಕವನ್ನೂ ಹೇಳ್ತೀನಿ. ಸೊರಾಫೆನಿಬ್ ಅನ್ನು 903 ರೋಗಿಗಳಲ್ಲಿ ಪರೀಕ್ಷಿಸಿದರು, ಎಲ್ಲರೂ ಮೊದಲೇ ಬೇರೆ ಚಿಕಿತ್ಸೆ ಆದವರು. ಖಾಲಿ ಮಾತ್ರೆ ತಿಂದವರಲ್ಲಿ ಗಡ್ಡೆ ಬೆಳೆಯದೆ ನಿಂತದ್ದು ಸುಮಾರು 2.8 ತಿಂಗಳು. ಔಷಧ ತಿಂದವರಲ್ಲಿ 5.5 ತಿಂಗಳು. ಸುನಿಟಿನಿಬ್ ಪರೀಕ್ಷೆಯಲ್ಲಿ 750 ಜನ. ಹಳೆಯ ಇಂಟರ್‌ಫೆರಾನ್‌ನಲ್ಲಿ 5 ತಿಂಗಳು, ಇದರಲ್ಲಿ 11. ಇಷ್ಟೇನಾ ಅಂತೀರಾ? ಮನೆಯಲ್ಲಿ ರೋಗಿ ಇಲ್ಲದವರು ಹಾಗನ್ನಬಹುದು. ಮಗಳ ಮದುವೆ ಆರು ತಿಂಗಳಿಗಿದೆ ಅನ್ನೋ ಅಪ್ಪನಿಗೆ ಆರು ತಿಂಗಳು ಅಂದ್ರೇನು ಅಂತ ಕೇಳಿ ನೋಡಿ. ಜೊತೆಗೆ ಇದು ಸರಾಸರಿ ಲೆಕ್ಕ. ಕೆಲವರಿಗೆ ಏನೂ ಹಿಡಿಯಲ್ಲ, ಕೆಲವರಿಗೆ ವರ್ಷಗಟ್ಟಲೆ ಹಿಡಿಯುತ್ತೆ.

ಕಷ್ಟಗಳೂ ಇವೆ. ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತೆ, ಸುಲಿಯುತ್ತೆ. ಭೇದಿ, ಸುಸ್ತು, ಬಿ.ಪಿ. ಏರುತ್ತೆ. ಸುನಿಟಿನಿಬ್ ಅನ್ನು ಸಾಮಾನ್ಯವಾಗಿ ನಾಲ್ಕು ವಾರ ತಗೊಂಡು ಎರಡು ವಾರ ಬಿಡ್ತಾರೆ. ಅದರಲ್ಲಿ ಕೂದಲು ಬೆಳ್ಳಗಾಗುತ್ತೆ. ಬಿಟ್ಟ ಎರಡು ವಾರ ಮತ್ತೆ ಕಪ್ಪು ಬೆಳೆಯೋದರಿಂದ ಕೆಲವರ ಕೂದಲಲ್ಲಿ ಬಿಳಿ-ಕಪ್ಪು ಪಟ್ಟೆ ಕಾಣುತ್ತಂತೆ. ಮತ್ತೆ ಸ್ವಲ್ಪ ಕಾಲದ ಮೇಲೆ ಬಹಳ ಜನರಲ್ಲಿ ಗಡ್ಡೆ ಅಡ್ಡದಾರಿ ಹುಡುಕಿಕೊಳ್ಳುತ್ತೆ. ಒಂದು ಪೈಪ್ ಕಟ್ಟಿದರೆ ಇನ್ನೊಂದು ಕಡೆಯಿಂದ ನೀರು. ಹಾಗಾಗಿ ಪಜೋಪನಿಬ್, ಆಕ್ಸಿಟಿನಿಬ್, ಕ್ಯಾಬೊಜಾಂಟಿನಿಬ್ ಅಂತ ಒಂದರ ಹಿಂದೊಂದು ಬಂದವು. 2015ರಿಂದ ಇಮ್ಯುನೊಥೆರಪಿ ಸೇರಿಕೊಂಡಿತು, ದೇಹದ ಸ್ವಂತ ರಕ್ಷಣಾ ಪಡೆಗೆ ಹಾಕಿದ ಬ್ರೇಕ್ ಬಿಡಿಸುವ ಇಂಜೆಕ್ಷನ್. ಈಗ ಎರಡನ್ನೂ ಸೇರಿಸಿ ಕೊಡೋದೂ ಇದೆ.

ಆದರೆ ಮೋಟರ್? ಪೈಪ್ ಕಟ್ಟೋದು ಬಿಟ್ಟು ಮೋಟರನ್ನೇ ನಿಲ್ಲಿಸೋಕಾಗಲ್ವಾ? ಕಿಡ್ನಿ ಕ್ಯಾನ್ಸರ್‌ನಲ್ಲಿ ಮುಖ್ಯವಾಗಿ ಕಾಟ ಕೊಡೋದು ಎಚ್.ಐ.ಎಫ್.-2 ಅನ್ನೋದು. ಅದಕ್ಕೆ ಔಷಧ ಅಂಟಿಕೊಳ್ಳೋಕೆ ಜಾಗವೇ ಇಲ್ಲ, ಇದು ಆಗದ ಕೆಲಸ ಅಂತ ಹೆಚ್ಚಿನವರು ಕೈಬಿಟ್ಟಿದ್ದರು. ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ಕೇಂದ್ರದಲ್ಲಿ ರಿಚರ್ಡ್ ಬ್ರೂಯಿಕ್, ಕೆವಿನ್ ಗಾರ್ಡ್ನರ್ ಅನ್ನೋರು ಆ ಪ್ರೋಟೀನಿನ ಹೊಟ್ಟೆಯೊಳಗೆ ಒಂದು ಸಣ್ಣ ಪೊಳ್ಳು ಜಾಗ ಕಂಡರು. ಅಲ್ಲಿ ಹೊಂದುವ ವಸ್ತು ಯಾವುದು ಅಂತ ಎರಡು ಲಕ್ಷದಷ್ಟು ರಾಸಾಯನಿಕಗಳನ್ನ ಜಾಲಾಡಿದರು. ಅದರಿಂದ ಒಂದು ಕಂಪನಿ ಹುಟ್ಟಿತು, ಅದನ್ನ 2019ರಲ್ಲಿ ಮರ್ಕ್ ಕಂಪನಿ ನೂರು ಕೋಟಿ ಡಾಲರ್‌ಗೂ ಮಿಕ್ಕಿ ಕೊಟ್ಟು ಕೊಂಡಿತು. 2021ರ ಆಗಸ್ಟ್‌ನಲ್ಲಿ ಬೆಲ್ಜುಟಿಫಾನ್ ಅನ್ನೋ ಆ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಾರಿಗೆ ಮೊದಲು? ಅದೇ ವಿ.ಎಚ್.ಎಲ್. ಮನೆತನದವರಿಗೆ. 61 ಜನರ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಕಿಡ್ನಿ ಗಡ್ಡೆ ಗಣನೀಯವಾಗಿ ಕುಗ್ಗಿತು. 1993ರಲ್ಲಿ ಜೀನ್, 2021ರಲ್ಲಿ ಮಾತ್ರೆ. ಇಪ್ಪತ್ತೆಂಟು ವರ್ಷ! ಅಜ್ಜಿ ಕೊಟ್ಟ ರಕ್ತ ಮೊಮ್ಮಕ್ಕಳಿಗೆ ಔಷಧವಾಗಿ ವಾಪಸ್ ಬಂತು. ಇದರ ಮುಖ್ಯ ಅಡ್ಡಪರಿಣಾಮ ಏನು ಗೊತ್ತಾ? ರಕ್ತಹೀನತೆ. ಮೋಟರ್ ನಿಂತರೆ ರಕ್ತಕಣದ ಆರ್ಡರೂ ನಿಲ್ಲುತ್ತೆ ನೋಡಿ. ಕೇಲಿನ್‌ಗೆ ಮೊದಲು ಸುಳಿವು ಸಿಕ್ಕಿದ್ದು ರಕ್ತಕಣ ಜಾಸ್ತಿ ಆಗೋದರಿಂದ. 2023ರ ಡಿಸೆಂಬರ್‌ನಲ್ಲಿ, ಬೇರೆ ಚಿಕಿತ್ಸೆಗಳು ಮುಗಿದ ಸಾಮಾನ್ಯ ಕಿಡ್ನಿ ಕ್ಯಾನ್ಸರ್ ರೋಗಿಗಳಿಗೂ ಅಲ್ಲಿ ಒಪ್ಪಿಗೆ ಸಿಕ್ಕಿತು.

ಇಷ್ಟು ಹೊತ್ತು ಅಮೆರಿಕ, ಇಂಗ್ಲೆಂಡ್ ಸುತ್ತಿದೆವು. ಆ ತಾಯಿ ಕೇಳಿದ್ದು ಎರಡು ಪ್ರಶ್ನೆ. ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ. ಎರಡನೇ ಪ್ರಶ್ನೆಗೆ ಉತ್ತರ ಹುಡುಕೋಕೆ ನಮ್ಮ ದೇಶಕ್ಕೇ ಬರಬೇಕು.

ಸೊರಾಫೆನಿಬ್ ಅನ್ನು ಜರ್ಮನಿಯ ಬೇಯರ್ ಕಂಪನಿ ನೆಕ್ಸಾವರ್ ಹೆಸರಿನಲ್ಲಿ ಮಾರುತ್ತಿತ್ತು. ಕಿಡ್ನಿ ಕ್ಯಾನ್ಸರ್‌ಗೂ ಕೊಡ್ತಾರೆ, ಲಿವರ್ ಕ್ಯಾನ್ಸರ್‌ಗೂ ಕೊಡ್ತಾರೆ. 2008ರಲ್ಲಿ ಭಾರತದ ಪೇಟೆಂಟ್ ಸಿಕ್ಕಿತು. ಬೆಲೆ ಎಷ್ಟು? ಒಂದು ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ. ವರ್ಷಕ್ಕಲ್ಲ ಸ್ವಾಮಿ, ತಿಂಗಳಿಗೆ! ಯಾರು ತಗೋತಾರೆ? ಹೈದರಾಬಾದಿನ ನ್ಯಾಟ್ಕೊ ಕಂಪನಿ, ನಾವು 9 ಸಾವಿರದೊಳಗೆ ಕೊಡ್ತೀವಿ, ನಮಗೆ ಲೈಸೆನ್ಸ್ ಕೊಡಿ ಅಂತ ಬೇಯರ್‌ನ ಕೇಳಿತು. ಅವರು ಒಪ್ಪಲಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ 84ನೇ ಸೆಕ್ಷನ್ ಅಂತ ಒಂದಿದೆ. ಪೇಟೆಂಟ್ ಸಿಕ್ಕಿ ಮೂರು ವರ್ಷ ಆದಮೇಲೂ ಜನರ ಅಗತ್ಯ ಪೂರೈಸದಿದ್ದರೆ, ಕೈಗೆಟಕುವ ಬೆಲೆಗೆ ಸಿಗದಿದ್ದರೆ, ಈ ದೇಶದಲ್ಲಿ ಆ ಪೇಟೆಂಟ್ ಬಳಕೆಗೇ ಬರದಿದ್ದರೆ, ಇನ್ನೊಬ್ಬರಿಗೆ ಕಡ್ಡಾಯ ಪರವಾನಗಿ ಕೊಡಬಹುದು. ಅಲ್ಲಿವರೆಗೆ ಯಾರಿಗೂ ಕೊಟ್ಟಿರಲಿಲ್ಲ.

2012ರ ಮಾರ್ಚ್. ಪೇಟೆಂಟ್ ಕಂಟ್ರೋಲರ್ ಜನರಲ್ ಪಿ.ಎಚ್. ಕುರಿಯನ್ ಆದೇಶ ಬರೆದರು. ಔಷಧ ಬೇಕಾದವರಲ್ಲಿ ನೂರಕ್ಕೆ ಇಬ್ಬರಿಗೆ ತಲುಪೋದೇ ಕಷ್ಟವಾಗಿದೆ, ಮೂರೂ ಕಾರಣ ಸಾಬೀತಾಗಿವೆ, ನ್ಯಾಟ್ಕೊ ಮಾಡಲಿ. ಬೇಯರ್‌ಗೆ ನೂರಕ್ಕೆ ಆರು ರೂಪಾಯಿ ರಾಯಲ್ಟಿ ಕೊಡಲಿ, ವರ್ಷಕ್ಕೆ ಕನಿಷ್ಠ 600 ಬಡ ರೋಗಿಗಳಿಗೆ ಪುಕ್ಕಟೆ ಕೊಡಲಿ ಅಂತ. 2 ಲಕ್ಷ 80 ಸಾವಿರ ಎಲ್ಲಿ, 9 ಸಾವಿರ ಎಲ್ಲಿ! ಎರಡು ತಿಂಗಳು ಕಳೆಯುವಷ್ಟರಲ್ಲಿ ಸಿಪ್ಲಾ ಕಂಪನಿ ತನ್ನ ಸೊರಾಫೆನಿಬ್ ಅನ್ನು 6,840 ರೂಪಾಯಿಗೆ ಇಳಿಸಿತು. ಬೇಯರ್ ಮೇಲ್ಮನವಿಗೆ ಹೋಯ್ತು. ರಾಯಲ್ಟಿ ಏಳಕ್ಕೆ ಏರಿತು, ಅಷ್ಟೇ. 2014ರ ಜುಲೈನಲ್ಲಿ ಬಾಂಬೆ ಹೈಕೋರ್ಟ್, ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಎರಡೂ ಕಡೆ ಬೇಯರ್‌ಗೆ ಸೋಲು.

ಈ ಜಗಳದ ನಡುವೆ, 2013ರ ಕೊನೆಯಲ್ಲಿ, ಆಗಿನ ಬೇಯರ್ ಮುಖ್ಯಸ್ಥ ಮಾರಿನ್ ಡೆಕರ್ಸ್ ಒಂದು ಸಭೆಯಲ್ಲಿ, ಈ ಔಷಧ ನಾವು ಭಾರತೀಯರಿಗಾಗಿ ಮಾಡಿದ್ದಲ್ಲ, ಖರೀದಿಸುವ ಶಕ್ತಿಯಿರುವ ಪಾಶ್ಚಾತ್ಯ ರೋಗಿಗಳಿಗಾಗಿ ಮಾಡಿದ್ದು ಅಂದುಬಿಟ್ಟರು. ದೊಡ್ಡ ಗಲಾಟೆ ಆಯ್ತು. ಬೇಸರದಲ್ಲಿ ಆಡಿದ ಮಾತು, ಎಲ್ಲರಿಗೂ ಔಷಧ ಸಿಗಬೇಕು ಅನ್ನೋದೇ ನಮ್ಮ ಆಸೆ ಅಂತ ಆಮೇಲೆ ಸಮಜಾಯಿಷಿ ಕೊಟ್ಟರು. ನಾನು ಆ ಮನುಷ್ಯನನ್ನ ಬೈಯೋಕೆ ಇದನ್ನ ಹೇಳ್ತಿಲ್ಲ. ಕಂಪನಿಗಳ ವಾದದಲ್ಲೂ ಹುರುಳಿದೆ. ಹತ್ತು ಔಷಧ ಶುರು ಮಾಡಿದರೆ ಒಂಬತ್ತು ದಾರಿಯಲ್ಲೇ ಸಾಯುತ್ತವೆ. ದುಡ್ಡು ಹಾಕಿದವನಿಗೆ ವಾಪಸ್ ಬರದಿದ್ದರೆ ಮುಂದಿನ ಔಷಧಕ್ಕೆ ಯಾರು ಹಾಕ್ತಾರೆ? ಸರಿ. ಆದರೆ ನನ್ನ ಪ್ರಶ್ನೆಯೂ ಇದೆ. ಆ ಜೀನ್ ಹುಡುಕಿದ್ದು ಯಾರ ದುಡ್ಡಲ್ಲಿ? ಅಮೆರಿಕದ ಸರ್ಕಾರಿ ಸಂಸ್ಥೆ, ಜನರ ತೆರಿಗೆ ದುಡ್ಡು. ಅದಕ್ಕೆ ರಕ್ತ ಕೊಟ್ಟವರು ಯಾವ ಪೇಟೆಂಟೂ ಕೇಳಲಿಲ್ಲ, ಯಾವ ರಾಯಲ್ಟಿಯೂ ಕೇಳಲಿಲ್ಲ. ಹಾಗಿದ್ದ ಮೇಲೆ ಬೆಲೆ ಬರೆಯುವ ಪೆನ್ನು ಒಬ್ಬರ ಕೈಯಲ್ಲೇ ಇರಬೇಕಾ?

ನ್ಯಾಟ್ಕೊ ನಂತರ ಬೇರೆ ಔಷಧಗಳಿಗೆ ಕಡ್ಡಾಯ ಪರವಾನಗಿ ಕೇಳಿ ಅರ್ಜಿ ಹಾಕಿದ ಕಂಪನಿಗಳನ್ನ ಅದೇ ಪೇಟೆಂಟ್ ಕಚೇರಿ ವಾಪಸ್ ಕಳಿಸಿದೆ. ಇಮ್ಯುನೊಥೆರಪಿ ಇಂಜೆಕ್ಷನ್ ಬೆಲೆ ವರ್ಷಗಟ್ಟಲೆ ಲಕ್ಷದ ಲೆಕ್ಕದಲ್ಲೇ ಇತ್ತು. ಇದರ ಬಗ್ಗೆ ವಿಧಾನಸಭೆಯಲ್ಲೋ ಲೋಕಸಭೆಯಲ್ಲೋ ಗಲಾಟೆ ಆಗಿದ್ದನ್ನ ನೀವು ನನ್ನ ಬುಲೆಟಿನ್‌ನಲ್ಲಿ ನೋಡಿದ್ದೀರಾ? ನಾನಂತೂ ಓದಿದ ನೆನಪಿಲ್ಲ.

ಇಷ್ಟೆಲ್ಲ ತಿಳ್ಕೊಂಡು ಎಂಟನೇ ದಿನ ಆ ತಾಯಿಗೆ ಫೋನ್ ಮಾಡಿದೆ. ಈ ಸಲ ಮೊದಲು ನಾನು ಕೇಳಿದೆ, ಅವರು ಹೇಳಿದರು. ಅವತ್ತೇ ಕೇಳಬೇಕಿತ್ತು.

'ನಮ್ಮ ಮನೆಯವರಿಗ್ರೀ. ಹುಬ್ಬಳ್ಳ್ಯಾಗ ಕಿಡ್ನಿ ತಗದ ವರ್ಷ ಆತ್ರೀ. ಈಗ ಶ್ವಾಸಕೋಶಕ್ಕ ಬಂದೈತಿ ಅಂತ ಗುಳಿಗಿ ಕೊಟ್ಟಿದ್ರು. ನಾಕ ವಾರ ತಿನ್ನೂದು, ಎರಡ ವಾರ ಬಿಡೂದು. ಮೀಸಿ ಎಲ್ಲಾ ಬೆಳ್ಳಗಾಗಿ ಹೋಗ್ಯಾವ್ರೀ. ಅಂಗೈ ಉರಿ ಅಂತಾರ. ನಿಮ್ಮ ಟಿವಿ ನೋಡಿ, ಈ ಹಳೇ ಗುಳಿಗಿ ಒಲ್ಲೆ, ಆ ಹೊಸಾದ ಬರ್ಲಿ, ಅದನ್ನ ತಿಂತೀನಿ ಅಂತ ಹಟ ಹಿಡದಾರ್ರೀ. ಅವತ್ತಿಂದ ಮುಟ್ಟಿಲ್ಲ.'

ನನ್ನ ಕೈ ತಣ್ಣಗಾಯ್ತು. ನಾಲ್ಕು ವಾರ, ಎರಡು ವಾರ, ಬಿಳೀ ಮೀಸೆ. ಡಬ್ಬಿ ಮೇಲೆ ಏನು ಬರೆದಿದೆ ಅಂತ ಮಗನ ಕೈಲಿ ಓದಿಸಿದೆ. ಸುನಿಟಿನಿಬ್, ನಮ್ಮ ದೇಶದ್ದೇ ಕಂಪನಿ ಮಾಡಿದ್ದು. ನಾನು ಒಂದು ವಾರ ಓದಿದ್ದೆನಲ್ಲ, ಗುರಿಯಿಟ್ಟು ಹೊಡೆಯುವ ಔಷಧ, ಅದು ಅವರ ಮನೆಯ ಕಪಾಟಿನಲ್ಲೇ ಇತ್ತು. ನನ್ನ ನಲವತ್ತು ಸೆಕೆಂಡಿನ ರಾಮಬಾಣಕ್ಕಾಗಿ ಆ ಮನುಷ್ಯ ಅದನ್ನ ಎಂಟು ದಿನದಿಂದ ಪಕ್ಕಕ್ಕಿಟ್ಟಿದ್ದ.

'ಇನ್ನೊಂದ ಮಾತ್ರೀ ಸರ್ರ' ಅಂದರು. 'ಹೊಸಾ ಗುಳಿಗಿ ತುಟ್ಟಿ ಇರತೈತಿ ಅಂತ ಕೆರಿ ಮಗ್ಗಲದ ಒಂದ ಎಕರೆ ಮಾತಾಡೀವಿ. ಸಂಚಕಾರ ಇಸ್ಕೊಂಡೀವಿ.'

ನಾನು ಏನು ಹೇಳಿದೆ ಅಂತ ಪೂರ್ತಿ ನೆನಪಿಲ್ಲ. ಟಿವಿಯಲ್ಲಿ ಹೇಳಿದ್ದು ಇಲಿಗಳ ಔಷಧ, ಅದು ಎಲ್ಲೂ ಸಿಗಲ್ಲ, ತಪ್ಪು ನನ್ನದು ಅಂದೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಬಿಟ್ಟ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಅಂಗೈ ಉರಿಗೆ ಡೋಸ್ ಏನಾದರೂ ಬದಲಾಯಿಸ್ತಾರಾ ಕೇಳಿ, ಹೊಲದ ಮಾತು ಅಲ್ಲಿಗೇ ನಿಲ್ಲಿಸಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. 'ಆತ್ರೀ' ಅಂದರು.

ಮೊನ್ನೆ ಮತ್ತೆ ಮಾತಾಡಿದೆ. ಡಾಕ್ಟರ್ ಗದರಿಸಿದರಂತೆ, ರಕ್ತ ಪರೀಕ್ಷೆ ಮಾಡಿಸಿ, ಡೋಸ್ ಸ್ವಲ್ಪ ಇಳಿಸಿ ಮತ್ತೆ ಶುರು ಮಾಡಿದ್ದಾರೆ. ಸಂಚಕಾರ ತಿರುಗಿ ಕೊಟ್ಟಿದ್ದಾರೆ. ಸ್ಕ್ಯಾನಿಂಗ್ ಮುಂದಿನ ತಿಂಗಳು.

ಆ ನಲವತ್ತು ಸೆಕೆಂಡಿನ ಸುದ್ದಿ ನಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಇನ್ನೂ ಇತ್ತು. ಚೆನ್ನಾಗಿ ಓಡ್ತಿದೆ, ಯಾಕೆ ತೆಗೀಬೇಕು ಅಂತ ಡೆಸ್ಕ್‌ನಲ್ಲಿ ಒಬ್ಬರು ಕೇಳಿದರು. ಇವತ್ತು ಬೆಳಗ್ಗೆ ನಿಂತು ತೆಗೆಸಿದ್ದೀನಿ.

ಒಂದು ಸಣ್ಣ ವಿರಾಮ. ನಂತರ ಜಿಲ್ಲೆಗಳ ಸುದ್ದಿ.